ಮೋಡ ಬರುವತನಕ ಮದ್ದಳೆ

ವಸೀಮಾ ಟೀಚರ್ ಕುರ್ಚಿಯಲ್ಲಿ ಕೂತದ್ದನ್ನು ಮುಕ್ಕುಂದದ ಶಾಲೆಯಲ್ಲಿ ಯಾರಾದರೂ ನೋಡಿದ್ದರೆ ಮುಂದೆ ಬಂದು ಹೇಳಲಿ! ಅವಳು ಹುಟ್ಟಿ ಬೆಳೆದದ್ದು ಹಟ್ಟಿಯಲ್ಲಿ. ಅಪ್ಪ ಪೀರ್‌ಸಾಬ್ ಅಲ್ಲಿನ ಚಿನ್ನದ ಗಣಿಯ ಕಾರ್ಮಿಕ. ಪಾಳಿಯ ಸೈರನ್ ಕೂಗುವುದರೊಳಗೆ ಅಪ್ಪನ ಬುತ್ತಿ ಕಟ್ಟಿ, ತಮ್ಮಂದಿರ ಮೋರೆ ತೊಳೆದು, ತಾನೂ ಶಾಲೆಗೆ ಓಡಬೇಕಿತ್ತು. ಆ ಅವಸರ ಮೈಗೆ ಹತ್ತಿಬಿಟ್ಟಿತು. ಈಗ ಸಿಂಧನೂರಿನಿಂದ ದಿನಾ ಬಸ್ಸಿಗೆ ಬಂದು ಅತಿಥಿ ಶಿಕ್ಷಕಿಯಾಗಿ ಇಂಗ್ಲಿಷ್ ಕಲಿಸುತ್ತಾಳೆ. ಬಸ್ಸು ನಿಲ್ಲುವ ಮುಂಚೆಯೇ ಬಾಗಿಲಲ್ಲಿ ನಿಂತಿರುತ್ತಾಳೆ. ಎದುರಿನವರು ಅರ್ಧ ಮಾತಾಡಿದರೆ ಸಾಕು, ಉಳಿದರ್ಧ ಇವಳದೇ.

ಇಂಥವಳ ಕೈಗೆ ಸಿಕ್ಕವಳು ಐದನೆಯ ತರಗತಿಯ ಪಕೀರಮ್ಮ. ತೊದಲುವ ಹುಡುಗಿ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಹುಡುಗರು ಕಿಸಕ್ಕನೆ ನಗುತ್ತಿದ್ದರು, ಹಾಳಾದವು! ಆದರೆ ಹಾಡಿದಳೋ, ಒಂದಕ್ಷರವೂ ತಡೆಯುತ್ತಿರಲಿಲ್ಲ. ಅದನ್ನು ಕಂಡೇ ವಸೀಮಾ ವಾರ್ಷಿಕೋತ್ಸವಕ್ಕೆ ಇಂಗ್ಲಿಷಿನಲ್ಲಿ ಹಾಡಿನ ನಾಟಕ ಕಟ್ಟಿದಳು. ಕಪ್ಪೆ, ಕೊಕ್ಕರೆಗಳೆಲ್ಲ ಸೇರಿ ಮೋಡವನ್ನು ಕರೆಯುವ ಕತೆ. ಪಕೀರಮ್ಮನೇ ಮೋಡ. ಉಳಿದದ್ದೆಲ್ಲ ಹಾಡು, ಮೋಡ ಪರದೆಯ ಹಿಂದಿನಿಂದ ಬರುವಾಗ ಮಾತ್ರ ಒಂದು ಮಾತು: "ಐ ಆಮ್ ಕಮಿಂಗ್."

ಆ ಒಂದು ಮಾತು ವಸೀಮಾಳ ನಿದ್ದೆ ಕೆಡಿಸಿತು. ತಾಲೀಮಿನಲ್ಲಿ ಪಕೀರಮ್ಮ "ಐ ಆಮ್ ಕ... ಕ..." ಎಂದು ತಡೆದಳೋ ಇಲ್ಲವೋ, "ಕಮಿಂಗ್!" ಎಂದು ಟೀಚರೇ ಮುಗಿಸಿಬಿಡುತ್ತಿದ್ದಳು. ಹುಡುಗಿ ಅದನ್ನು ಒಮ್ಮೆಯೂ ಪೂರ್ತಿ ಹೇಳಲಿಲ್ಲ.

ಹೆಡ್‌ಮಾಸ್ತರ ಶಿವಶರಣಪ್ಪನವರು ಗೊಣಗಿದರು. "ಟೀಚರ್ರೇ, ಆ ಮಾತು ಬ್ಯಾರೆ ಹುಡುಗಿ ಕಡಿಂದ ಹೇಳಸ್ರಿ. ಊರ ಮಂದಿ ನಕ್ಕರಂದ್ರ ಆಕಿ ಮತ್ತ ಜನ್ಮದಾಗ ಬಾಯಿ ತೆಗಿಯಂಗಿಲ್ಲ."

ಬೇರೆಯವಳು ಹೇಳಲೇ ಎಂದು ವಸೀಮಾ ಪಕೀರಮ್ಮನನ್ನೇ ಕೇಳಿದಳು. ಹುಡುಗಿ ಅಡ್ಡಡ್ಡ ತಲೆ ಆಡಿಸಿ, "ನಾ... ನಾನ ಹೇ..." ಎಂದಳು.

"ನೀನ ಹೇಳ್ತೀ, ಆತು ಬಿಡವ್ವ," ಎಂದು ವಸೀಮಾ ಅದನ್ನೂ ಮುಗಿಸಿದಳು. ಆದರೂ ಧೈರ್ಯ ಸಾಲಲಿಲ್ಲ. ಕಪ್ಪೆ ಪಾತ್ರದ ಕೌಸರ್‌ಳನ್ನು ಮೂಲೆಗೆ ಕರೆದು, "ಆಕಿ ತಡದ್ರ ನಾ ಕೈ ಎತ್ತತೀನಿ. ನೀ ಒದರಿಬಿಡು" ಎಂದು ಗುಟ್ಟಾಗಿ ಹೇಳಿಟ್ಟಳು.

ಮದ್ದಳೆಗೆ ದಸ್ತಗೀರ್‌ಸಾಬ್. ಬಯಲಾಟಕ್ಕೆ ಬಾರಿಸಿ ಬಾರಿಸಿ ಅಂಗೈ ಜಡ್ಡುಗಟ್ಟಿದ ಮನುಷ್ಯ. "ಚಾಚಾ, ಹಾಡಿಗಷ್ಟ ಬಾರಸ್ರಿ. ಮಾತಿಗೆ ಬ್ಯಾಡ, ಇದು ಇಂಗ್ಲಿಷ್ ನಾಟಕ" ಎಂದು ವಸೀಮಾ ಸಾರಿ ಸಾರಿ ಹೇಳಿದ್ದಳು. ಆತ ಎಲ್ಲದಕ್ಕೂ ಹೂಂ ಎಂದಿದ್ದ.

ಆ ಸಂಜೆ ಶಾಲೆಯ ಬಯಲು ತುಂಬಿತ್ತು. ಗದ್ದೆಯಿಂದ ಕೆಸರುಗಾಲಲ್ಲೇ ಬಂದವರೂ ಇದ್ದರು. ಕಪ್ಪೆಗಳು ಹಾಡಿದವು, ಕೊಕ್ಕರೆಗಳು ಕುಣಿದವು. ಮೋಡ ಪರದೆಯ ಅಂಚಿಗೆ ಬಂದು ಇಣುಕಿತು.

"ಐ ಆಮ್ ಕ... ಕ..."

ಅಷ್ಟೇ. ವಸೀಮಾ ಕೈ ಅರ್ಧ ಎತ್ತಿದ್ದಳು, ಅಷ್ಟರಲ್ಲಿ ಮದ್ದಳೆ ಗುಡುಗಿತು. ಪಾತ್ರ ಪರದೆಯ ಹಿಂದೆ ತಡ ಮಾಡಿದರೆ ಬಯಲಾಟದಲ್ಲಿ ಮದ್ದಳೆ ಸುಮ್ಮನಿರುವುದುಂಟೆ? ಇಂಗ್ಲಿಷ್ ನಾಟಕವೆಂಬುದನ್ನು ಮುದುಕ ಮರೆತೇಬಿಟ್ಟಿದ್ದ.

"ಯಾ ಅಲ್ಲಾ, ಚಾಚಾ!" ವಸೀಮಾ ಹಲ್ಲು ಕಡಿದಳು.

ಆದರೆ ಯಾರೂ ನಗಲಿಲ್ಲ. ಯಾವುದೋ ದೊಡ್ಡ ಪಾತ್ರವೇ ಬರುತ್ತಿದೆ ಎಂದು ಮಂದಿ ನೆಟ್ಟಗೆ ಕೂತರು. "ಬರ್ಲಿ, ಬರ್ಲಿ, ಸಾವಕಾಶ ಬರ್ಲಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಪಕೀರಮ್ಮನಿಗೇನು ಬಯಲಾಟ ಹೊಸದೇ? ಬಯಲಾಟದ ದೊಡ್ಡ ವೇಷದವರ ಹಾಗೆ ತಾಳಕ್ಕೆ ಹೆಜ್ಜೆ ಹಾಕುತ್ತ ಪರದೆಯ ಹಿಂದೆ ಸರಿದಳು, ಮತ್ತೆ ಇಣುಕಿದಳು. ಮತ್ತೆ ಮಾತು ತಡೆಯಿತು. ಮತ್ತೆ ಹೆಜ್ಜೆ. ಕೌಸರ್ ಕಣ್ಣರಳಿಸಿ ಟೀಚರ ಕೈಯನ್ನೇ ನೋಡುತ್ತಿದ್ದಳು. ವಸೀಮಾ ಆ ಕೈಯನ್ನು ಇಳಿಸಿ ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಳು.

"ಐ ಆಮ್ ಕ... ಕಮಿಂಗ್!"

ಸಿಳ್ಳೆಯೋ ಸಿಳ್ಳೆ. ವಸೀಮಾ ಪರದೆಯ ಮರೆಯಲ್ಲಿ ಗಳಗಳ ಅತ್ತಳು.

ನಾಟಕ ಮುಗಿದ ಮೇಲೆ ಪಕೀರಮ್ಮ ಬಣ್ಣದ ಮೋರೆಯಲ್ಲೇ ಓಡಿಬಂದಳು. ಅತ್ತ ಸಿಂಧನೂರಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಟೀಚರ್, ನೀ... ನೀವ್ಯಾಕ ಅ... ಅ..."

'ಅತ್ರಿ' ಎಂಬ ಉಳಿದ ಮಾತು ವಸೀಮಾಳ ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿದಳು. ಹಾರ್ನ್ ಇನ್ನೊಮ್ಮೆ ಕೂಗಿತು. ಅವಳು ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು. ಬಸ್ಸು ಹೋಯಿತು.

"...ಅಷ್ಟ ಅಂಜಿದ್ರಿ?" ಎಂದು ಕೇಳಿದಳು ಪಕೀರಮ್ಮ.