ಶರಣಮ್ಮನವರ ಐಎನ್‌ಆರ್ ಮತ್ತು ಅಡಿಗೆಮನೆಯ ಕಟ್ಟೆ

ಕೋವಿಡ್ ಹಾವಳಿ ತಣ್ಣಗಾದ ಮರುವರ್ಷದ ಮಾತು. ಆಗ ನಾನು ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಜಿಶಿಯನ್ ಆಗಿದ್ದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗುತ್ತಿದ್ದರು. ಅವರಲ್ಲಿ ಒಬ್ಬರು ಇಳಕಲ್ಲಿನ ಶರಣಮ್ಮ. ಹುನಗುಂದದ ಒಂದು ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿ. ವಯಸ್ಸು ನಲವತ್ತನಾಲ್ಕು. ನನ್ನ ಮೂವತ್ತು ವರ್ಷಗಳ ವೃತ್ತಿಯಲ್ಲಿ ಅವರಷ್ಟು ಶಿಸ್ತಾಗಿ ಮಾತ್ರೆ ತೆಗೆದುಕೊಂಡ ರೋಗಿ ಇನ್ನೊಬ್ಬರಿಲ್ಲ. ಅವರಷ್ಟು ನನ್ನ ತಲೆ ಕೆಡಿಸಿದವರೂ ಇಲ್ಲ.

ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಅವರ ಹೃದಯದ ಒಂದು ಕವಾಟವನ್ನು ಹಾಳು ಮಾಡಿತ್ತು. ಆಪರೇಷನ್ ಮಾಡಿ ಆ ಜಾಗದಲ್ಲಿ ಲೋಹದ ಕವಾಟ ಕೂರಿಸಿದ್ದರು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ ಯಾವಾಗಲೂ ಇರುತ್ತದೆ. ಅದನ್ನು ತಡೆಯಲು ಜೀವನಪೂರ್ತಿ ವಾರ್ಫರಿನ್ ಎಂಬ ಮಾತ್ರೆ ನುಂಗಬೇಕು. ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ರಕ್ತಪರೀಕ್ಷೆಯೇ ಐಎನ್‌ಆರ್. ಶರಣಮ್ಮನವರಿಗೆ ಅದು ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕಿತ್ತು. ಕಡಿಮೆಯಾದರೆ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿ ಪಾರ್ಶ್ವವಾಯು ಹೊಡೆಯಬಹುದು. ಹೆಚ್ಚಾದರೆ ಎಲ್ಲೆಂದರಲ್ಲಿ ರಕ್ತ ಸೋರಬಹುದು.

ಆಪರೇಷನ್ ಆದ ಮೇಲೆ ಎರಡು ವರ್ಷ ಈ ಸಂಖ್ಯೆ ಅಲುಗಾಡಿರಲಿಲ್ಲ. ಒಂದು ಶ್ರಾವಣದಲ್ಲಿ ಇದ್ದಕ್ಕಿದ್ದಂತೆ 1.6 ಬಂತು.

"ಮಾತ್ರಿ ತಪ್ಪಿಸೀರೇನ್ರಿ?" ಎಂದು ಕೇಳಿದೆ.

"ಒಂದಿನಾನೂ ತಪ್ಪಿಸಿಲ್ರಿ ಮೇಡಂ."

"ಊಟದಾಗ ಏನರ ಬದಲ್ ಮಾಡೀರೇನು?"

"ಅದೇ ರೊಟ್ಟಿ ಪಲ್ಯಾರಿ."

"ತಪ್ಪಲ ಪಲ್ಯಾ ಭಾಳ ಮಾಡ್ತೀರೇನು?"

"ವಾರಕ್ಕ ಎರಡ ಸಲ. ಮೊದ್ಲಿನ್ಹಂಗ."

ಸೊಪ್ಪಿನ ಬಗ್ಗೆ ಕೇಳಿದ್ದಕ್ಕೆ ಕಾರಣವಿದೆ. ಹಸಿರು ಸೊಪ್ಪಿನಲ್ಲಿ ವಿಟಮಿನ್-ಕೆ ಹೇರಳವಾಗಿರುತ್ತದೆ. ಅದು ವಾರ್ಫರಿನ್‌ಗೆ ನೇರ ಎದುರಾಳಿ. ಸೊಪ್ಪು ಹೆಚ್ಚಾದರೆ ಐಎನ್‌ಆರ್ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಆದರೆ ಬದಲಾವಣೆಯೇ ಇಲ್ಲ ಎಂದರಲ್ಲ! ಮಾತ್ರೆಯ ಪ್ರಮಾಣ ಹೆಚ್ಚಿಸಿ ಕಳಿಸಿದೆ. ಮುಂದಿನ ಪರೀಕ್ಷೆಯಲ್ಲಿ 4.8. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ: ಅದೇ ರೊಟ್ಟಿ ಪಲ್ಯಾರಿ. ಪ್ರಮಾಣ ಇಳಿಸಿದೆ.

ಇಷ್ಟಾದರೆ ಸಹಿಸಬಹುದಿತ್ತು. ಅವರ ಯಜಮಾನರು ಮಹಾಂತೇಶ ಇದ್ದರಲ್ಲ, ಅವರನ್ನು ಸಹಿಸುವುದು ಕಷ್ಟವಾಗಿತ್ತು. ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಘಟಕ ಅವರದು. ಎತ್ತರದ ಆಳು, ಎತ್ತರದ ದನಿ. ಹೆಂಡತಿಗೆ ಆಪರೇಷನ್ ಆದಂದಿನಿಂದ ಮನೆಯ ಯಾವ ಸಣ್ಣ ವಿಷಯವನ್ನೂ ಡಾಕ್ಟರನ್ನು ಕೇಳದೆ ತೀರ್ಮಾನಿಸುತ್ತಿರಲಿಲ್ಲ. ಸಜ್ಜಿ ರೊಟ್ಟಿ ಒಳ್ಳೆಯದೋ ಜೋಳದ ರೊಟ್ಟಿಯೋ? ಕುಸುಬಿ ಎಣ್ಣೆಯೋ ಶೇಂಗಾ ಎಣ್ಣೆಯೋ? ತಾಮ್ರದ ಕೊಡವೋ ಮಣ್ಣಿನ ಗಡಿಗೆಯೋ? ಹಿತ್ತಲಲ್ಲಿ ನುಗ್ಗೆ ಹಚ್ಚಬೇಕೋ ಕರಿಬೇವೋ? ಹೊರಗೆ ಮೂವತ್ತು ರೋಗಿಗಳು ಕಾಯುತ್ತಿರುವಾಗ ಇವರು ಫೋನಿನಲ್ಲಿ ಯಾರೋ ಕಳಿಸಿದ ಒಂದು ವಿಡಿಯೋ ತೆಗೆದು ನನ್ನ ಮೇಜಿನ ಮೇಲೆ ಇಡುತ್ತಿದ್ದರು.

"ಹೃದಯದವ್ರು ಎಡಮಗ್ಗಲ ಮಲಗಬಾರ್ದು ಅಂತಾನ್ರಿ ಇಂವಾ. ಖರೆ ಏನ್ರಿ?"

"ಯಾ ಮಗ್ಗಲ ನಿದ್ದಿ ಹತ್ತತೈತಿ ಆ ಮಗ್ಗಲ ಮಲಗ್ರಿ" ಎಂದು ಕಳಿಸುತ್ತಿದ್ದೆ. ಹತ್ತು ನಿಮಿಷಕ್ಕೆ ಮತ್ತೆ ಬಾಗಿಲಲ್ಲಿ ಅವರ ತಲೆ ಕಾಣುತ್ತಿತ್ತು. "ಅಡಿಗಿಮನಿಗೆ ಕರೇ ಕಲ್ಲ ಹಾಕೂದೋ ಕೆಂಪ ಕಲ್ಲ ಹಾಕೂದೋ ರಿ? ಕಣ್ಣಿಗೆ ತಂಪ ಯಾವ್ದು?" ಕಲ್ಲು ಮಾರುವವರು ಅವರು. ಕೇಳುತ್ತಿದ್ದುದು ನನ್ನನ್ನು! ನಾನು ಉತ್ತರ ಕೊಡುವುದನ್ನೇ ಬಿಟ್ಟೆ.

ದಸರೆ ಕಳೆದು ಶಾಲೆ ಶುರುವಾಗಿತ್ತು. ಹತ್ತನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಶರಣಮ್ಮನವರ ಬಲಗೈಯಿಂದ ಸೀಮೆಸುಣ್ಣ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಕೈ ಮಾತು ಕೇಳಲಿಲ್ಲ. ಮಕ್ಕಳಿಗೆ ಏನೋ ಹೇಳಲು ಬಾಯಿ ತೆರೆದರೆ ನಾಲಿಗೆ ತೊದಲಿತು. ಸಹೋದ್ಯೋಗಿಗಳು ಕಾರಿನಲ್ಲಿ ಕೂಡಿಸಿಕೊಂಡು ಬಾಗಲಕೋಟೆಗೆ ಓಡಿ ಬಂದರು. ದಾರಿಯಲ್ಲೇ ಕೈ ಸರಿಯಾಯಿತು, ಮಾತೂ ಬಂತು. ಇದಕ್ಕೆ ಟಿಐಎ ಎನ್ನುತ್ತೇವೆ. ಮೆದುಳಿನ ಒಂದು ಭಾಗಕ್ಕೆ ರಕ್ತ ಹೋಗುವುದು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಗುತ್ತದೆ. ದೊಡ್ಡ ಪಾರ್ಶ್ವವಾಯು ಬರುವ ಮುಂಚಿನ ಎಚ್ಚರಿಕೆ ಅದು. ಸ್ಕ್ಯಾನ್‌ನಲ್ಲಿ ಹಾನಿಯೇನೂ ಕಾಣಲಿಲ್ಲ. ಎಕೋ ಮಾಡಿಸಿದೆವು, ಕವಾಟ ಸರಿಯಾಗಿ ತೆರೆದು ಮುಚ್ಚುತ್ತಿತ್ತು. ಐಎನ್‌ಆರ್ ಮಾತ್ರ 1.4.

ಅಂದು ಶರಣಮ್ಮನವರ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡೆ. "ಲೆಕ್ಕದಾಗ ಹಿಂಗ ಆಗೂದಿಲ್ರಿ ಮೇಡಂ" ಎಂದರು. "ಹಾಕಿದ ಸಂಖ್ಯಾ ಅದೇ ಇದ್ರ ಬರೂ ಉತ್ತರಾನೂ ಅದೇ ಇರಬೇಕು. ನಾ ಅದೇ ಮಾತ್ರಿ, ಅದೇ ಊಟ ಹಾಕಾಕತ್ತೇನಿ. ಉತ್ತರ ಯಾಕ ಬ್ಯಾರೆ ಬರಾಕತ್ತೈತಿ?"

ಬೇರೆ ಕಂಪನಿಯ ಮಾತ್ರೆ ಕೊಟ್ಟರೇ ಎಂದು ಅಂಗಡಿಯವರನ್ನು ವಿಚಾರಿಸಿದೆ, ಇಲ್ಲ. ಲ್ಯಾಬ್ ತಪ್ಪೇ ಎಂದು ಇನ್ನೊಂದು ಕಡೆ ಪರೀಕ್ಷೆ ಮಾಡಿಸಿದೆ, ಅದೇ ಸಂಖ್ಯೆ. ನಾಟಿ ಔಷಧ, ಕಷಾಯ, ನೋವಿನ ಗುಳಿಗೆ ಎಲ್ಲ ಕೇಳಿದೆ. ಯಾವುದೂ ಇಲ್ಲ. ಹೆಪ್ಪುಗಟ್ಟದಂತೆ ಕೆಲವು ದಿನ ಚುಚ್ಚುಮದ್ದು ಕೊಟ್ಟು, ಮಾತ್ರೆಯ ಪ್ರಮಾಣ ಏರಿಸಿ, ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಲೇಬೇಕೆಂದು ಹೇಳಿ ಮನೆಗೆ ಕಳಿಸಿದೆ. ಎರಡು ವಾರ ಸರಿಯಿತ್ತು. ಮೂರನೇ ವಾರ ಅವರು ಪರೀಕ್ಷೆಗೆ ಬರಲಿಲ್ಲ. ಬಂದದ್ದು ಅದರ ಮುಂದಿನ ವಾರ, ಮೂಗಿಗೆ ಟವೆಲ್ ಒತ್ತಿಕೊಂಡು.

ಬೆಳಿಗ್ಗೆಯಿಂದ ಮೂಗಿನ ರಕ್ತ ನಿಂತಿರಲಿಲ್ಲ. ಐಎನ್‌ಆರ್ 7.2. ಕಿವಿ-ಮೂಗು-ಗಂಟಲಿನ ಡಾಕ್ಟರನ್ನು ಕರೆಸಿ ಮೂಗಿನೊಳಗೆ ಪಟ್ಟಿ ತುಂಬಿಸಿದೆವು. ವಾರ್ಫರಿನ್ ನಿಲ್ಲಿಸಿದೆ. ಅದರ ಪರಿಣಾಮ ಇಳಿಸಲು ವಿಟಮಿನ್-ಕೆ ಕೊಡಬೇಕು. ಜಾಸ್ತಿ ಕೊಟ್ಟರೆ ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು. ಕೊಡದಿದ್ದರೆ ಈ ರಕ್ತ ಮೂಗಿನಲ್ಲೇ ನಿಲ್ಲುತ್ತದೆ, ಮೆದುಳಿನಲ್ಲಿ ಸೋರುವುದಿಲ್ಲ ಎಂದು ಹೇಳುವವರು ಯಾರು? ಸಣ್ಣ ಪ್ರಮಾಣದಲ್ಲಿ ಕೊಟ್ಟು ಕಾಯುತ್ತ ಕುಳಿತೆವು. ಶರಣಮ್ಮ ಕಣ್ಣು ಮುಚ್ಚಿ ಬಾಯಿಂದ ಉಸಿರಾಡುತ್ತಿದ್ದರು. ಸೀರೆಯ ಸೆರಗೆಲ್ಲ ಕಲೆ.

ವಾರ್ಡಿನಿಂದ ಹೊರಗೆ ಬಂದರೆ ಮಹಾಂತೇಶ ಎದುರು ನಿಂತಿದ್ದರು. ಕೈಯಲ್ಲಿ ಫೋನು. ಪರದೆಯ ಮೇಲೆ ಒಂದು ನಕ್ಷೆ.

"ಮೇಡಮ್ಮಾರ, ಒಂದ ಮಾತು. ಒಲಿ ಆಗ್ನೇಯ ಮೂಲಿಗೇ ಇರ್ಬೇಕೇನ್ರಿ, ಇಲ್ಲಾ ಪೂರ್ವದ ಗ್ವಾಡಿಗೆ ನಡು ಇಟ್ರೂ ನಡೀತೈತೇನ್ರಿ?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಏನ್ ಮನಷ್ಯಾರ್ರಿ ನೀವು?" ಎಂದು ಇಡೀ ವರಾಂಡಕ್ಕೆ ಕೇಳುವಂತೆ ಕೂಗಿದೆ. "ಒಳಗ ಹೆಂಡತಿ ಮೂಗಿನ ರಕ್ತ ಈಗಷ್ಟ ನಿಂತೈತಿ. ನಿಮಗ ಒಲಿ ಚಿಂತಿ ಏನ್ರಿ?"

ಆ ದೊಡ್ಡ ಆಳು ಒಮ್ಮೆಲೆ ಕುಗ್ಗಿದರು. ಕಣ್ಣಲ್ಲಿ ನೀರು. "ಹಂಗಲ್ರಿ ಮೇಡಂ. ಒಲಿ ಇಡೂ ಕಟ್ಟಿ ಎರಡನೇ ಸಲ ಒಡಸೇನ್ರಿ. ಈ ಸಲನೂ ತಪ್ಪಾದ್ರ ಮತ್ತ ಒಡೀಬೇಕಾಕ್ಕೈತಿ. ಇಂಥಾ ಜಡ್ಡಿನಾಕಿಗೆ ಎಷ್ಟ ದಿನಾ ಅಂತ ಖಾನಾವಳಿ ಡಬ್ಬಿ ಉಣಸ್ಲಿ?"

ಹೊರಟವಳು ನಿಂತೆ.

"ಖಾನಾವಳಿ ಡಬ್ಬಿ? ಯಾವಾಗಿಂದ?"

"ಕಟ್ಟಿ ಒಡದಾಗಿಂದ್ರಿ. ಹೋದ ಸಲ ಒಡದಾಗೂ ಹಂಗ ಮಾಡಿದ್ವಿ."

ಅವರನ್ನು ಕುರ್ಚಿಯ ಮೇಲೆ ಕೂಡಿಸಿ ಮೊದಲಿನಿಂದ ಹೇಳಲು ಹೇಳಿದೆ. ಹಳೆಯ ಅಡಿಗೆಮನೆ ರಸ್ತೆಯ ಕಡೆಗಿತ್ತು. ಇಕ್ಕಟ್ಟು, ಗಾಳಿ ಇಲ್ಲ. ಹೆಂಡತಿಯ ಎದೆಯ ಮೇಲಿನ ಹೊಲಿಗೆ ನೋಡಿದ ದಿನವೇ ಇವರು ಹಿತ್ತಲ ಕಡೆ ಹೊಸ ಅಡಿಗೆಮನೆ ಕಟ್ಟಿಸಿಕೊಡಬೇಕೆಂದು ತೀರ್ಮಾನಿಸಿದ್ದರು. ಅದು ಮುಗಿದದ್ದು ಈ ವರ್ಷ, ಆಷಾಢಕ್ಕೂ ಮೊದಲು; ಹಳೆಯದರ ಒಲೆ ಕಿತ್ತಿಸಿದ್ದರು. ಆದರೆ ಕಟ್ಟೆಯನ್ನು ತಮ್ಮ ಎತ್ತರಕ್ಕೆ ಅಳತೆ ಹಿಡಿದು ಮಾಡಿಸಿದ್ದರು. ಅದರ ಮೇಲೆ ರೊಟ್ಟಿ ಬಡಿಯಲು ಹೋದರೆ ಶರಣಮ್ಮನವರು ತೋಳು ಮೇಲೆತ್ತಬೇಕಾಗಿ ಎದೆ ನೋಯುತ್ತಿತ್ತು. ಒಡೆಸಿದರು. ಮತ್ತೆ ಕಟ್ಟಿಸಿದರು. ದೀಪಾವಳಿಗೆ ಬಾದಾಮಿಯಿಂದ ಬಂದ ಮಹಾಂತೇಶರ ಅಕ್ಕ, ಒಲೆ ತಪ್ಪು ದಿಕ್ಕಿಗಿದೆ, ಅದಕ್ಕೇ ಆಕೆಗೆ ಶಾಲೆಯಲ್ಲಿ ಹಾಗಾಯಿತು ಎಂದರು. ಇವರು ಹೆದರಿ ಮತ್ತೆ ಒಡೆಸಿದರು. ಆ ಗದ್ದಲದಲ್ಲೇ ರಕ್ತಪರೀಕ್ಷೆ ತಪ್ಪಿತ್ತು.

ದಿನಗಳನ್ನು ಹೊಂದಿಸಿ ನೋಡಿದೆ. ಕಟ್ಟೆ ಇದ್ದಾಗ ಐಎನ್‌ಆರ್ ಕೆಳಗೆ, ಒಡೆದಾಗ ಮೇಲೆ. ಆದರೆ ಕಟ್ಟೆಗೂ ರಕ್ತಕ್ಕೂ ಏನು ಸಂಬಂಧ? ಅದು ಗೊತ್ತಾದದ್ದು ಅವರ ಮನೆಗೆ ಹೋದಾಗಲೇ. ಶರಣಮ್ಮ ಆಸ್ಪತ್ರೆಯಿಂದ ಬಿಡುಗಡೆಯಾದ ಮುಂದಿನ ಭಾನುವಾರ, ಹುನಗುಂದದಲ್ಲಿ ನಮ್ಮ ಸಂಬಂಧಿಕರ ಮನೆಯ ಕಾರ್ಯಕ್ರಮ ಮುಗಿಸಿ ಇಳಕಲ್ಲಿಗೆ ಹೋದೆ.

ಹೊಸ ಅಡಿಗೆಮನೆಯ ಬಾಗಿಲು ನೇರ ಹಿತ್ತಲಿಗೆ ತೆರೆಯುತ್ತಿತ್ತು. ಬಾಗಿಲಿಗೆ ಅಡ್ಡಲಾಗಿ ಒಡೆದ ಕಲ್ಲು, ಉಸುಕಿನ ರಾಶಿ. ಅದರಾಚೆ ಹಕ್ಕರಕಿ ಸೊಪ್ಪು, ಮೆಂತ್ಯ, ರಾಜಗಿರಿ, ಉಳ್ಳಾಗಡ್ಡಿ ತಪ್ಪಲು ದಟ್ಟವಾಗಿ ಬೆಳೆದು ನಿಂತಿದ್ದವು. ಕೊಯ್ಯುವವರಿಲ್ಲದೆ ಕೆಲವು ಹೂ ಬಿಟ್ಟಿದ್ದವು.

"ಇವನ್ನ ಹೆಂಗ ತಿಂತೀರಿ?" ಎಂದು ಶರಣಮ್ಮನವರನ್ನು ಕೇಳಿದೆ.

"ಹಸೀದ ರೊಟ್ಟಿ ಜೋಡಿರಿ. ರೊಟ್ಟಿ ಹಂಚಿನ ಮ್ಯಾಲೆ ಹಾಕಿ ಹೊರಗ ಹೋಗಿ ಕಿತ್ಕೊಂಡ ಬರ್ತೇನಿ. ಮೊದಲ ಹಿತ್ತಲಕ್ಕ ಬರಾಕ ಇಡೀ ಮನಿ ದಾಟಬೇಕಿತ್ತು, ಈಗ ಬಾಗಲಾ ತಗದ್ರ ಕೈಗೇ ಸಿಗ್ತೈತಿ." ಎರಡೂ ಅಂಗೈ ಅಗಲಿಸಿ ತೋರಿಸಿದರು. "ಒಂದ ಹೊತ್ತಿಗೆ ಇಷ್ಟ."

"ವಾರಕ್ಕ ಎರಡ ಸಲ ಅಂದಿದ್ರೆಲ್ಲ?"

"ಅದು ಪಲ್ಯಾರಿ. ನೀವು ಪಲ್ಯಾ ಕೇಳಿದ್ರಿ. ಇದು ಬಾಯಾಡಸೂದು, ಇದನ್ನ ಯಾರ ಊಟದಾಗ ಹಿಡೀತಾರ?"

ತಲೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನಾಲ್ಕು ತಿಂಗಳು ಅದೇ ಪ್ರಶ್ನೆ ಕೇಳಿದ್ದೆ, ಅವರೂ ಸತ್ಯವನ್ನೇ ಹೇಳಿದ್ದರು. ಬಾಗಿಲು ತೆರೆದಿದ್ದಾಗ ಎರಡು ಹೊತ್ತೂ ತಟ್ಟೆಯ ತುಂಬ ಹಸಿ ಸೊಪ್ಪು. ಕಟ್ಟೆ ಒಡೆದು ರಾಶಿ ಬಿದ್ದಾಗ ಹಿತ್ತಲಿಗೆ ದಾರಿ ಬಂದ್, ಖಾನಾವಳಿಯ ಜುಣಕ, ಕಾಳುಪಲ್ಯ, ಶೇಂಗಾ ಚಟ್ನಿ. ಅದೂ ರೊಟ್ಟಿ ಪಲ್ಯವೇ, ಇದೂ ರೊಟ್ಟಿ ಪಲ್ಯವೇ. ನಾನು ಪ್ರತಿಸಲ ಮಾತ್ರೆ ಏರಿಸಿದಾಗ ಇವರು ಕಟ್ಟೆ ಒಡೆದಿದ್ದರು, ಇಳಿಸಿದಾಗ ಕಟ್ಟಿದ್ದರು.

ವಿಷಯ ಕೇಳಿದ ಕೂಡಲೇ ಮಹಾಂತೇಶ ಎದ್ದು ನಿಂತರು. "ಇವತ್ತ ಹಿತ್ತಲಾ ಅಗದ ಒಗಸ್ತೇನ್ರಿ. ಮ್ಯಾಲೆ ಫರಸಿ ಕಲ್ಲ ಹಾಕಸ್ತೇನಿ."

"ಕುಂದರ್ರಿ!" ಎಂದರು ಶರಣಮ್ಮ. ಅವರ ದನಿ ಅಷ್ಟು ಗಟ್ಟಿಯಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಒಡಿಯೂದು, ಅಗಿಯೂದು ಬಿಟ್ಟ ಬ್ಯಾರೆ ಏನೂ ತಿಳಿಯೂದಿಲ್ಲೇನ್ರಿ ನಿಮಗ? ಕಟ್ಟಿ ಹೆಂಗ ಇರ್ಬೇಕು ಅಂತ ನಿಮ್ಮ ಅಕ್ಕನ್ನ ಕೇಳಿದ್ರಿ, ಕಟ್ಟೂ ಗೌಂಡಿನ ಕೇಳಿದ್ರಿ, ಮೇಡಂನ್ನೂ ಕೇಳಿದ್ರಿ. ರೊಟ್ಟಿ ಬಡಿಯಾಕಿ ನಾ. ನನ್ನ ಒಮ್ಮೆರ ಕೇಳೀರೇನು?"

ಮಹಾಂತೇಶ ಕುಳಿತರು. ಮೆಲ್ಲಗೆ, "ನಿನ್ನ ಎದಿ ಸೀಳಿದ್ದ ನೋಡೀನಿ. ಏನರ ತಪ್ಪ ಮಾಡಿದ್ರ ನೀ ಉಳಿಯೂದಿಲ್ಲ ಅಂತ ಅಂಜಿಕಿ" ಎಂದರು. ಶರಣಮ್ಮ ಎದ್ದರು. ಅವರ ಮುಂದಿದ್ದ ತಣ್ಣಗಾದ ಚಹಾ ತೆಗೆದುಕೊಂಡು ಹೋಗಿ ಬಿಸಿ ಮಾಡಿಕೊಂಡು ಬಂದರು.

ಸೊಪ್ಪು ಬಿಡಬೇಕಿಲ್ಲ ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಬಿಟ್ಟರೂ ನಡೆಯುತ್ತದೆ, ತಿಂದರೂ ನಡೆಯುತ್ತದೆ. ಒಂದು ದಿನ ಬುಟ್ಟಿ, ಇನ್ನೊಂದು ದಿನ ಏನೂ ಇಲ್ಲ ಎಂದರೆ ಮಾತ್ರ ನಡೆಯುವುದಿಲ್ಲ. ದಿನಕ್ಕೆ ಒಂದು ಹಿಡಿ ಎಂದು ಶರಣಮ್ಮನವರೇ ಗೊತ್ತುಮಾಡಿದರು. ಎಲ್ಲ ಒಮ್ಮೆಲೆ ಬೆಳೆದು ನಿಂತರೆ ಹಾಳಾಗುತ್ತದೆಂದು ಹೆಚ್ಚು ತಿನ್ನುವಂತಾಗುತ್ತದೆ ಎಂದು ಹಿತ್ತಲನ್ನು ಸಣ್ಣ ಮಡಿಗಳಾಗಿ ಮಾಡಿ, ವಾರಕ್ಕೊಂದು ಮಡಿಗೆ ಬೀಜ ಹಾಕತೊಡಗಿದರು. ಆ ಒಂದು ಹಿಡಿಗೆ ತಕ್ಕಂತೆ ನಾನು ಮಾತ್ರೆ ಹೊಂದಿಸಿದೆ. ಕಟ್ಟೆಯ ಎತ್ತರಕ್ಕೆ ಇಟ್ಟಿಗೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ತಾವೇ ರೊಟ್ಟಿ ಬಡಿದು ನೋಡಿ ಗೆರೆ ಎಳೆದು ಕೊಟ್ಟರಂತೆ. ಒಲೆ ಪೂರ್ವದ ಗೋಡೆಯ ನಡುವೆ ಬಂತು, ಕಿಟಕಿಯ ಬೆಳಕು ಅಲ್ಲಿ ಬೀಳುತ್ತದೆಂದು. ಮಾರ್ಚ್ ಹೊತ್ತಿಗೆ ಐಎನ್‌ಆರ್ ಮೂರರ ಆಚೀಚೆ ಬಂದು ನಿಂತಿತು.

ಮುಂದೆ ಒಂದು ಸಲ ತೋರಿಸಿಕೊಳ್ಳಲು ಬಂದಾಗ ಮಹಾಂತೇಶ ನಗುತ್ತ ಹೇಳಿದರು: ಬಾದಾಮಿಯ ಅಕ್ಕ ಮತ್ತೆ ಬಂದಿದ್ದರು, ಒಲೆ ನೋಡಿ ಬಾಯಿ ತೆರೆಯುವಷ್ಟರಲ್ಲಿ ಶರಣಮ್ಮ, "ಅಕ್ಕಾರ, ಈ ಕಟ್ಟಿ ಸರಸಬಾರ್ದು ಅಂತ ಡಾಕ್ಟರ್ ಬರದ ಕೊಟ್ಟಾರ್ರಿ" ಎಂದುಬಿಟ್ಟರಂತೆ. ನಾನು ಅಂಥದ್ದೇನೂ ಬರೆದಿರಲಿಲ್ಲ. ಶರಣಮ್ಮನವರ ಮುಖ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು.

ಆಮೇಲಿನಿಂದ ರೋಗಿಗಳನ್ನು ನಾನು ಊಟದಲ್ಲಿ ಏನಾದರೂ ಬದಲಾಗಿದೆಯೇ ಎಂದಷ್ಟೇ ಕೇಳಿ ಬಿಡುವುದಿಲ್ಲ. ಅಡಿಗೆ ಯಾರು ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ, ಕೈಗೆ ಏನು ಸಿಗುತ್ತದೆ ಎಂದು ಕೇಳುತ್ತೇನೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಹೊರಗೆ ಕಾದವರು ಗೊಣಗುತ್ತಾರೆ, ಸಿಸ್ಟರ್ ಬಾಗಿಲು ತೆರೆದು ಗಡಿಯಾರ ತೋರಿಸುತ್ತಾರೆ. ಯಾರಾದರೂ ತಾಮ್ರದ ಕೊಡವೋ ಮಣ್ಣಿನ ಗಡಿಗೆಯೋ ಎಂದು ಕೇಳಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಆದರೆ ಉತ್ತರ ಹೇಳುವ ಮುಂಚೆ, ಯಾಕೆ ಕೇಳುತ್ತಿದ್ದೀರಿ ಎಂದು ಕೇಳುತ್ತೇನೆ. ಕೇಳಿ, ಪೆನ್ನು ಕೆಳಗಿಡುತ್ತೇನೆ.