ಕುಕ್ಕಪ್ಪನ ಉಗುರು

ಅರಂತೋಡಿನ ತ್ಯಾಂಪಣ್ಣ ಎಂದರೆ ಸುಳ್ಯದ ಸೀಮೆಗೇ ಗೊತ್ತಿದ್ದ ಆಳು. ಗುಡ್ಡದಿಂದ ಉರುಳಿದ ಹೋರಿಯ ಮೈಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ, ಕೀಲು ಎಲ್ಲಿ ಜಾರಿದೆಯೆಂದು ಹೇಳಿ, ಒಂದೇ ಎಳೆತಕ್ಕೆ ಕೂರಿಸುತ್ತಿದ್ದ. ಅವನ ಮಗ ಕುಶಾಲಪ್ಪ ದನದ ಆಸ್ಪತ್ರೆಯಲ್ಲಿ ಜವಾನ. ಹಾಯುವ ಗೂಳಿಯನ್ನೂ ಮೂಗುದಾರವಿಲ್ಲದೆ ಹಿಡಿದು ನಿಲ್ಲಿಸಿದವನು. ಕುಶಾಲಪ್ಪನ ಮಗ ಕುಕ್ಕಪ್ಪ. ಇವನ ಪಾಲಿಗೆ ಬಂದದ್ದು ಗೂಳಿಯಲ್ಲ, ಮಕ್ಕಳು.

ಪುತ್ತೂರಿನ ದರ್ಬೆಯ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಕುಕ್ಕಪ್ಪ ಇಪ್ಪತ್ತೆಂಟು ವರ್ಷ ಅಟೆಂಡರ್. ಮಿದುಳು ಜ್ವರದ ಗುಮಾನಿಯಿದ್ದರೆ ಮಗುವಿನ ಬೆನ್ನಿಗೆ ಸೂಜಿ ಹಾಕಿ, ಬೆನ್ನೆಲುಬಿನೊಳಗಿನ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು. ಮಗು ಮಿಸುಕಿದರೆ ಸೂಜಿ ದಾರಿ ತಪ್ಪುತ್ತದೆ. ಕುಕ್ಕಪ್ಪ ಮೊದಲು ಬೆನ್ನೆಲುಬಿನ ಮಣಿಗಳನ್ನು ಎಣಿಸುತ್ತ ಬಂದು, ಎರಡು ಮಣಿಗಳ ಸಂದಿನಲ್ಲಿ ಹೆಬ್ಬೆರಳಿನ ಉಗುರೊತ್ತಿ ಗುರುತು ಮಾಡುತ್ತಿದ್ದ. ಆಮೇಲೆ ಮಗ್ಗುಲಾಗಿ ಮಲಗಿಸಿ, ಮೊಣಕಾಲು ಮಡಚಿ ಹಿಡಿದನೆಂದರೆ ಮಗು ಚೋರಟೆ ಹುಳದ ಹಾಗೆ ಸುರುಳಿ. ಹಳೆಯ ದೊಡ್ಡ ಡಾಕ್ಟರು ಆ ಉಗುರಿನ ಗುರುತಿಗೇ ಸೂಜಿ ಹಾಕುತ್ತಿದ್ದರು. "ಕುಕ್ಕಪ್ಪನ ಉಗುರು ನನ್ನ ಡಿಗ್ರಿಗಿಂತ ದೊಡ್ಡದು ಮಾರಾಯ್ರೆ" ಎಂದು ನಾಲ್ಕು ಜನರೆದುರು ಹೇಳಿದ್ದರು. ಎಷ್ಟೋ ತಾಯಂದಿರು ಡಾಕ್ಟರ ಹೆಸರು ಮರೆತು ಇವನ ಹೆಸರು ನೆನಪಿಟ್ಟುಕೊಂಡಿದ್ದರು. ಅದೆಲ್ಲ ಅವನ ತಲೆಗೇರಿ ಕುಳಿತಿತ್ತು.

ದೊಡ್ಡ ಡಾಕ್ಟರು ನಿವೃತ್ತರಾದ ಮೇಲೆ ಬಂದವರು ಡಾಕ್ಟರ್ ಹಸ್ನಾ. ಇವರು ಸ್ಕ್ಯಾನಿಂಗ್ ಮೆಷಿನ್ ತರಿಸಿ, ಮಗುವಿನ ಬೆನ್ನಿಗೆ ಜೆಲ್ ಸವರಿ, ಪರದೆಯಲ್ಲಿ ಸಂದು ಎಲ್ಲಿ, ನೀರು ಎಷ್ಟು ಆಳದಲ್ಲಿ ಎಂದು ನೋಡಿ, ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು.

"ಬೆನ್ನಿಗೆ ಎಂತಕ್ಕೆ ಟಿವಿ ಡಾಕ್ಟ್ರೆ? ಧಾರಾವಾಹಿ ಬರ್ತದಾ?"

"ಬರ್ತದೆ ಕುಕ್ಕಪ್ಪಣ್ಣ. ನೀವೂ ನೋಡಿ, ಕಲೀಲಿಕ್ಕೆ ಉಂಟು."

ಅವನು ಒಂದು ದಿನವೂ ನೋಡಲಿಲ್ಲ.

ಹೋದ ವರ್ಷ, ಜ್ವರ ಬಂದು ಕುತ್ತಿಗೆ ಸೆಟೆದ ಮಗುವೊಂದನ್ನು ತಂದರು. ಅವನದೇ ಮೊಮ್ಮಗಳು, ಎರಡು ವರ್ಷದ ನವ್ಯಾ. ಮೆಷಿನ್ ಬೇರೆ ವಾರ್ಡಿನಲ್ಲಿತ್ತು.

"ಹತ್ತು ನಿಮಿಷ ಕಾಯುವ. ಮಗು ದುಂಡಗೆ ಉಂಟು, ಎಲುಬು ಕೈಗೆ ಸಿಗುದಿಲ್ಲ" ಎಂದರು ಹಸ್ನಾ.

"ನನ್ನ ಮೊಮ್ಮಗಳ ಬೆನ್ನು ನನಗೆ ಗೊತ್ತಿಲ್ವಾ? ಅಜ್ಜನ ಕಾಲದಿಂದ ನಮ್ಮ ಕೈ ತಪ್ಪಿದ್ದಿಲ್ಲ."

ಬಾಗಿಲಲ್ಲಿ ನಿಂತಿದ್ದ ಸೊಸೆ ಪ್ರೇಮಾವತಿ, "ಮಾವ, ಕಾಯುವ" ಎಂದಳು.

"ನೀನು ಸುಮ್ಮನಿರು. ಹಾಕಿ ಡಾಕ್ಟ್ರೆ" ಎಂದು ಕುಕ್ಕಪ್ಪ ಉಗುರೊತ್ತಿಯೇ ಬಿಟ್ಟ. ಹಿರಿಯನ ಹಟಕ್ಕೆ ಹಸ್ನಾ ಸೋತರು.

ಮೊದಲ ಸೂಜಿ ಎಲುಬಿಗೆ ತಾಗಿತು. ಎರಡನೆಯದಕ್ಕೆ ರಕ್ತ. ಮೂರನೆಯದಕ್ಕೂ ರಕ್ತ. ಕುಕ್ಕಪ್ಪನ ಕೈಯೊಳಗೆ ಮಗು ಕೂಗಿ ಕೂಗಿ ದನಿ ಹೋಯಿತು. ಕೊನೆಗೆ ಮೆಷಿನ್ ಬಂತು. ಉಗುರು ಒತ್ತಿದ್ದು ಸಂದಿನಿಂದ ಅರ್ಧ ಬೆರಳು ಆಚೆ. ಪರದೆ ನೋಡಿ ಬೇರೆ ಸಂದಿಗೆ ಹಾಕಿದಾಗ ಒಂದೇ ಸಲಕ್ಕೆ ನೀರು ಬಂತು, ಆದರೆ ಮೊದಲಿನ ರಕ್ತ ಬೆರೆತ ನೀರು. ಲ್ಯಾಬಿನವರಿಗೆ ಖಚಿತವಾಗಿ ಏನೂ ಹೇಳಲಾಗಲಿಲ್ಲ. ಔಷಧಿ ಮೊದಲೇ ಸುರುವಾಗಿದ್ದರಿಂದ ಮಗು ಬದುಕಿತು. ಮನೆಗೆ ಬಂದ ವಾರದಲ್ಲಿ, ಹಿಂದೆಯೇ ಕುಕ್ಕರ್ ಕೂಗಿದರೂ ನವ್ಯಾ ತಿರುಗಿ ನೋಡಲಿಲ್ಲ.

"ಊರಿನ ಮಕ್ಕಳ ಬೆನ್ನೆಲ್ಲ ನಿಮ್ಗೆ ಗೊತ್ತುಂಟು ಮಾವ. ಕಾಯುವ ಅಂದದ್ದು ಮಾತ್ರ ಕೇಳ್ಲಿಲ್ಲ" ಎಂದಳು ಪ್ರೇಮಾವತಿ. ಆಮೇಲೆ ಅವನೊಡನೆ ಮಾತಿಲ್ಲ. ಬಡಿಸಿದ ತಟ್ಟೆಯನ್ನು ಅವನ ಮುಂದೆ ನೂಕಿ ಒಳಗೆ ಹೋಗುತ್ತಿದ್ದಳು.

ಕೆಲಸ ಬಿಡುತ್ತೇನೆಂದು ಪತ್ರ ಕೊಡಲು ಹೋದ ದಿನ ಹಸ್ನಾ ಅವನನ್ನು ಕೂರಿಸಿದರು.

"ಕುಕ್ಕಪ್ಪಣ್ಣ, ಕಿವಿ ತೆಗೆದದ್ದು ಆ ಕಾಯಿಲೆ, ಸೂಜಿ ಅಲ್ಲ. ನೀರು ಮೊದಲ ಸಲವೇ ಸಿಕ್ಕಿದ್ರೂ ಕಿವಿ ಹೋಗ್ತಿತ್ತೋ ಏನೋ. ತಪ್ಪು ಇದ್ರೆ, ಒಪ್ಪಿದ ನನ್ನದೂ ಉಂಟು. ನಾನು ಮನೆಗೆ ಬಂದು ಪ್ರೇಮಾವತಿಯವರಿಗೆ ಬಿಡಿಸಿ ಹೇಳ್ತೇನೆ."

ಕುಕ್ಕಪ್ಪ ಎದ್ದು ನಿಂತ.

"ಬರುದು ಬೇಡ ಡಾಕ್ಟ್ರೆ. ನೀವು ಹೇಳಿದ್ರೆ ಅವಳು ನಂಬಿಯಾಳು, ನನ್ನ ಹತ್ರ ಮಾತೂ ಆಡಿಯಾಳು. ಆದ್ರೆ ಮಗುವನ್ನು ಮೂರು ಸಲ ಸುಮ್ಮನೆ ಚುಚ್ಚಿಸಿದವ ನಾನು. ಅವಳು ಬೈದ್ರೆ ಬೈಲಿ, ಮಾತು ಬಿಟ್ರೆ ಬಿಡ್ಲಿ. ಅದನ್ನು ಕಡಿಮೆ ಮಾಡ್ಲಿಕ್ಕೆ ನೀವು ಬರುದು ಬೇಡ."