ನರ್ಸಮ್ಮ ಚೆನ್ನೆಮಣೆಯಲ್ಲಿ ಎಣಿಸಿದ ದಿನಗಳು

ಜುಲೈ ೧೩, ಭಾನುವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತೆ.

ಎಂಟು ಗಂಟೆಗೆ ಬೇಲಿಯಿಂದ ಹನ್ನೆರಡು ದಾಸವಾಳದ ಎಲೆ ಕಿತ್ತು ಬಚ್ಚಲಿನಲ್ಲಿ ಕಿವುಚಿದ್ದೆ, ತಲೆಗೆ ಹಚ್ಚಲಿಕ್ಕೆ. ಬಿಸಿನೀರು ಬಿದ್ದದ್ದೇ ಹಸಿ ಎಲೆಯ ವಾಸನೆ ಎದ್ದಿತು. ಲೋಳೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಡಿಯದೆ ಉದ್ದಕ್ಕೆ ಎಳೆದುಕೊಂಡಿತು. ಆ ಎಳೆ ಕಂಡ ಕೂಡಲೇ ನರ್ಸಮ್ಮ ನೆನಪಾದರು. ಈಗ ಬೆರಳು ಒಣಗಿದೆ, ವಾಸನೆ ಮಾತ್ರ ಉಳಿದಿದೆ...

ನಾವು ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಅಮಾಸೆಬೈಲು ಕಡೆಯ ಗುಡ್ಡದ ಊರುಗಳಲ್ಲಿ ಮನೆಮನೆಗೆ ನಡೆದು ನರ್ಸ್ ಕೆಲಸ ಮಾಡಿ, ನಿವೃತ್ತರಾದ ಮೇಲೆ ನಮ್ಮ ಮನೆಯಿಂದ ಮೂರನೆಯ ಮನೆಗೆ ಬಂದಿದ್ದರು. ನಮ್ಮದು ಗಂಗೊಳ್ಳಿಯ ಹತ್ತಿರ, ಬೋಟಿಗೆ ಹೋಗುವವರೇ ಹೆಚ್ಚಿರುವ ಕೇರಿ. ಹೆಂಗಸರ ತೊಂದರೆಯನ್ನು ಯಾರಾದರೂ ಪಿಸುಗುಟ್ಟಿದರೆ ಅವರಿಗೆ ಸಿಟ್ಟು ಬರುತ್ತಿತ್ತು. “ಜೋರ್ ಹೇಳ್ ಹೆಣೆ, ಕದ್ಕಂಡ್ ಬಂದದ್ದಾ?” ಎಂದು ಇಡೀ ಕೇರಿಗೆ ಕೇಳುವಂತೆ ಕೇಳುತ್ತಿದ್ದರು. ಆದ್ದರಿಂದಲೇ ನಾನು ಅವರ ಹತ್ತಿರ ಹೋಗಲು ಎರಡು ವರ್ಷ ತಡ ಮಾಡಿದೆ.

ನನ್ನ ಗಂಡ ಬೋಟಿನಲ್ಲಿದ್ದಾರೆ. ಹತ್ತು ದಿನ ಕಡಲು, ಎರಡು ದಿನ ಮನೆ. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಲ್ಲುವ ಎರಡು ತಿಂಗಳು ಮಾತ್ರ ಪೂರ್ತಿ ಮನೆಯಲ್ಲಿರುತ್ತಾರೆ. ಮದುವೆಯಾದ ಮೊದಲ ಮಳೆಗಾಲದಲ್ಲಿ ಹೊಸ ಮದುಮಗಳು ಆಸಾಡಿಗೆ, ಎಂದರೆ ಆಷಾಢ ಮಾಸಕ್ಕೆ, ತವರಲ್ಲಿರಬೇಕೆಂದು ನನ್ನನ್ನು ಬ್ರಹ್ಮಾವರಕ್ಕೆ ಕಳಿಸಿದರು. ಎರಡನೆಯ ಮಳೆಗಾಲ ಲೆಕ್ಕ ಹಾಕಿಯೇ ಕಾದೆ. ಹದಿನಾಲ್ಕನೆಯ ದಿನ ಮುಖ್ಯವೆಂದು ಎಲ್ಲೋ ಓದಿದ್ದೆ. ಡೈರಿಯಲ್ಲಿ ಪ್ರತಿ ತಿಂಗಳೂ ಅದಕ್ಕೆ ಅಡಿಗೆರೆ ಎಳೆದೆ. ಏನೂ ಆಗಲಿಲ್ಲ. ಮೂರನೆಯ ಮಳೆಗಾಲ ಶುರುವಾಗುವಾಗ ಮದುವೆಯಾಗಿ ಮೂವತ್ತು ತಿಂಗಳಾಗಿತ್ತು. ಅತ್ತೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಒರೆಸಿ ಮತ್ತೆ ಅಟ್ಟಕ್ಕೇ ಏರಿಸಿದರು, ಅಷ್ಟೇ. ನನಗೆ ಅದೇ ಸಾಕಾಗಿತ್ತು.

ಆ ವರ್ಷದ ಜೂನ್ ೧೨ರ ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಹೋದೆ. ಕೇಳಲು ಹೋದದ್ದು ಮಗುವಿನ ವಿಷಯ ಅಲ್ಲ. ಪ್ರತಿ ತಿಂಗಳೂ ಮೂರು ನಾಲ್ಕು ದಿನ ಬಿಳಿ ಹೋಗುತ್ತಿತ್ತು, ಅದು ಮೈ ಕರಗಿಸುವ ರೋಗವೆಂದು ತವರಲ್ಲಿ ಕೇಳಿದ್ದೆ. ಆ ದಿನಗಳಲ್ಲಿ ಕೊತ್ತಂಬರಿ ಕಷಾಯ ಕುಡಿದು ಗಂಡನಿಂದ ದೂರ ಮಲಗುತ್ತಿದ್ದೆ.

“ನರ್ಸಮ್ಮಾ, ಬಿಳಿ ಹೋಪುದಕ್ಕೆ ಮದ್ದಿತ್ತಾ?” ಎಂದೆ.

“ವಾಸ್ನಿ ಇತ್ತಾ? ತುರಿಕಿ, ಉರಿ?”

“ಇಲ್ಲೆ. ನೀರಿನ್ ಹಾಂಗೆ ತೆಳು, ಜಾರ್ತ್. ಎಳದ್ರೆ ಉದ್ದ ಬತ್ತ್.”

ಅವರು ನಕ್ಕ ನಗು ನನಗೆ ಈಗಲೂ ಕೇಳಿಸುತ್ತದೆ. “ಅಯ್ಯೋ ಮಾರಾಯ್ತಿ! ಕಾಯ್ತಾ ಇದ್ದ ದಿನ ಬಾಗಿಲಿಗ್ ಬಂದ್ ನಿತ್ತಿತ್ತ್, ನೀನ್ ಅದನ್ನ್ ಓಡ್ಸುಕೆ ಮದ್ದ್ ಕೇಂತ್ಯಲ್ಲೆ!”

ಒಳಗೆ ಹೋಗಿ ಚೆನ್ನೆಮಣೆ ತಂದರು. ಮಳೆಗಾಲದಲ್ಲಿ ಹೆಂಗಸರು ಆಡುವ, ಏಳೇಳು ಗುಳಿಗಳ ಎರಡು ಸಾಲಿನ ಮರದ ಮಣೆ. ಒಂದು ಸುತ್ತಿಗೆ ಹದಿನಾಲ್ಕು ದಿನ, ಎರಡು ಸುತ್ತಿಗೆ ಇಪ್ಪತ್ತೆಂಟು. ಬರಹ ಬಾರದ ಹೆಂಗಸರಿಗೆ ಗುಡ್ಡದ ಊರುಗಳಲ್ಲಿ ಅವರು ಹೇಳಿಕೊಡುತ್ತಿದ್ದದ್ದು ಹೀಗೆಯೇ ಅಂತೆ.

“ನಿಂದ್ ಒಂದ್ನೇ ದಿನ ಯಾವ್ದ್?”

ಡೈರಿ ಜೊತೆಗೇ ಒಯ್ದಿದ್ದೆ. “ಜೂನ್ ಐದ್” ಎಂದೆ.

“ಅವತ್ತ್ ಕೆಂಪ್ ಸುರು ಆದ್ದಾ?”

“ಅಲ್ಲ, ಅವತ್ತ್ ತಲಿಗ್ ಮಿಂದದ್ದ್. ಸುರು ಆದ್ದ್ ಎರಡಕ್ಕೆ.”

ತವರಲ್ಲಿ ಕ್ಯಾಲೆಂಡರ್ ಇದ್ದದ್ದು ದೇವರ ಕೋಣೆಯ ಗೋಡೆಯಲ್ಲಿ. ಹೊರಗಿರುವ ಮೂರು ದಿನ ಅಲ್ಲಿಗೆ ಹೋಗುವಂತಿರಲಿಲ್ಲ. ನಾಲ್ಕನೆಯ ದಿನ ಮಿಂದು ಒಳಗೆ ಬಂದ ಮೇಲೆಯೇ ಅಮ್ಮ ತಾರೀಕಿಗೆ ಸುತ್ತು ಹಾಕುತ್ತಿದ್ದರು. ನಾನೂ ಅದೇ ಸುತ್ತಿನಿಂದ ಎಣಿಸುತ್ತಾ ಬೆಳೆದವಳು. ಮೂವತ್ತು ತಿಂಗಳು ಒಂದು ದಿನವೂ ಬಿಡದೆ ಬರೆದಿದ್ದೆ, ಮೊದಲ ದಿನವೇ ತಪ್ಪಿತ್ತು. ನನ್ನ ಹದಿನಾಲ್ಕು ನಿಜವಾಗಿ ಹದಿನೇಳು.

“ಮೂರ್ ಗುಳಿ ನುಂಗಿ ಕೂಕಂಡಿದ್ಯಲ್ಲೆ” ಎಂದು ನರ್ಸಮ್ಮ ಮೊದಲ ನಾಲ್ಕು ಗುಳಿಗೆ ಕೆಂಪು ಬೀಜ ಹಾಕಿದರು. ಮುಂದಿನ ಮೂರನ್ನು ಖಾಲಿ ಬಿಟ್ಟರು. ಅವು ಒಣ ದಿನಗಳು. ಆಮೇಲೆ ಎರಡು ಮೂರು ದಿನ ಅಂಟಂಟಾಗಿ, ಗಂಜಿಯ ಕೆನೆಯ ಹಾಗೆ ಕಾಣುತ್ತದೆ ಎಂದರು. ಅದರ ಮುಂದಿನ ಗುಳಿಗಳಿಗೆ ಬಂದಾಗ ಎದ್ದು ಬೇಲಿಯ ದಾಸವಾಳದ ಎರಡು ಎಲೆ ಕಿತ್ತು, ಮಳೆನೀರಲ್ಲಿ ಕಿವುಚಿ, ಬೆರಳಲ್ಲಿ ಎಳೆದು ತೋರಿಸಿದರು. “ಕಾಣ್. ಹಿಂಗೆ ತಿಳಿಯಾಯ್, ಜಾರಿ, ಎಳದ್ರೆ ಕಡಿಯದೆ ಬಂದ್ರೆ ಅದೇ ಬಸಿರು ನಿಲ್ಲು ದಿನ.”

ಹೆಣ್ಣಿನ ಮೊಟ್ಟೆ ಹೊರಗೆ ಬಂದ ಮೇಲೆ ಒಂದು ದಿನವಷ್ಟೇ ಬದುಕುತ್ತದಂತೆ. ಗಂಡಸಿನ ಬೀಜ ಒಣ ದಿನಗಳಲ್ಲಿ ಬೇಗ ಸಾಯುತ್ತದೆ, ಈ ಲೋಳೆಯಲ್ಲಿ ಮೂರು ದಿನ, ಕೆಲವೊಮ್ಮೆ ಐದು ದಿನವೂ ಉಳಿಯುತ್ತದೆ. ಆದ್ದರಿಂದ ಮೊಟ್ಟೆ ಬರುವ ಮುಂಚಿನ ದಿನಗಳೇ ಮುಖ್ಯ. ಲೋಳೆಯ ಕೊನೆಯ ದಿನ ಯಾವುದೆಂದು ಆ ದಿನವೇ ತಿಳಿಯುವುದಿಲ್ಲ, ಮಾರನೆಯ ದಿನ ಮತ್ತೆ ದಪ್ಪವೋ ಒಣವೋ ಆದಾಗಲೇ ತಿಳಿಯುವುದು. ನಾನು ಎಲ್ಲವನ್ನೂ ಬರೆದುಕೊಂಡೆ.

“ಎಲ್ಲರದ್ದೂ ಇಪ್ಪತ್ತೆಂಟೇ ಅಲ್ಲ” ಎಂದೂ ಹೇಳಿದರು. “ನಿನ್ ಗಂಡ ಕ್ಯಾಲೆಂಡರ್ ಕಂಡ್ ಬಲೆ ಬಿಡ್ತ್ನಾ? ಕಡಲ್ ಬಣ್ಣ ಕಂಡ್ ಬಿಡುದಲ್ದಾ? ನೀನೂ ನಿನ್ ಮೈ ಕಾಣ್. ಬರಿಯುದ್ ಆಮೇಲೆ.”

ನಾನು ಮೆಲ್ಲಗೆ, ಹಾಗಾದರೆ ಮಕ್ಕಳು ಬೇಡವೆಂದಾಗಲೂ ಇದೇ ಲೆಕ್ಕ ಸಾಕಲ್ಲ ಎಂದೆ. ಅವರು ಕೈ ಬೀಸಿದರು. “ಇದನ್ನ್ ಮಾತ್ರ ನಂಬಿ ಮಕ್ಳ್ ಬ್ಯಾಡ ಅಂದವ್ರ್ ಮನೆಲೇ ನಾನ್ ಹೆಚ್ಚ್ ತೊಟ್ಲ್ ಕಂಡದ್ದ್!” ವಾಸನೆ, ತುರಿಕೆ, ಬಣ್ಣ ಕಂಡರೆ ಡಾಕ್ಟರ ಹತ್ತಿರ ಹೋಗಬೇಕು, ಅದು ಬೇರೆ ವಿಷಯ ಎಂದರು. ಮೂವತ್ತು ತಿಂಗಳಾದ್ದರಿಂದ ಈ ಮಳೆಗಾಲ ಮುಗಿದದ್ದೇ ಇಬ್ಬರೂ ಪರೀಕ್ಷೆ ಮಾಡಿಸಬೇಕು, “ಇಬ್ರೂ, ನೀನ್ ಒಬ್ಳೇ ಅಲ್ಲ” ಎಂದು ಬೆರಳೆತ್ತಿ ಹೇಳಿದರು. ಹೊರಟಾಗ ಮೆಟ್ಟಿಲವರೆಗೆ ಬಂದರು. “ಆದ್ರೆ ಹೇಳ್ಕ್ ಕಾಣ್. ಆಗ್ದಿದ್ರೂ ಹೇಳ್ಕ್.” ಬಸಿರಾದರೂ ಆಗದಿದ್ದರೂ ಅವರಿಗೆ ತಿಳಿಸಬೇಕಂತೆ.

ಅದೇ ದಿನ ಗಂಡನಿಗೆ ಎಲ್ಲ ಹೇಳಿದೆ. ಕಡಲಿನ ಬಣ್ಣದ ಮಾತಿಗೆ ಅವರೂ ನಕ್ಕರು. ಆದರೂ ಆ ತಿಂಗಳು ಆಗಲಿಲ್ಲ. ಜೂನ್ ೩೦ಕ್ಕೆ ಮತ್ತೆ ಕೆಂಪು. ಅದನ್ನು ಆ ದಿನವೇ ಬರೆದೆ, ಮೀಯುವವರೆಗೆ ಕಾಯಲಿಲ್ಲ. ಜುಲೈ ೧೦, ೧೧, ೧೨... ಡೈರಿಯಲ್ಲಿ ಮೂರು ದಿನಕ್ಕೂ ಒಂದು ಪುಟ್ಟ ಎಲೆಯ ಚಿತ್ರವಿದೆ. ೧೩ಕ್ಕೆ ಒಣ. ಜುಲೈ ೨೮ಕ್ಕೆ ಬರಬೇಕಾದ ಕೆಂಪು ಬರಲಿಲ್ಲ. ಆಗಸ್ಟ್ ಒಂದಕ್ಕೆ ಗಂಡ ಬೋಟು ಹತ್ತುವಾಗ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಅದೇ ದಿನ ಅತ್ತೆಗೆ ಹೇಳಿದೆ. ಮೂರು ತಿಂಗಳು ತುಂಬುವವರೆಗೆ ಬೇರೆ ಯಾರಿಗೂ ಹೇಳಬಾರದೆಂದು ಅವರು ಆಣೆ ಹಾಕಿಸಿಕೊಂಡರು.

ಆ ತಿಂಗಳು ಬಾವಿಕಟ್ಟೆಯಲ್ಲಿ ನರ್ಸಮ್ಮ ಎರಡು ಸಲ ಸಿಕ್ಕರು. ಎರಡು ಸಲವೂ ಏನೂ ಕೇಳದೆ ಮುಖ ನೋಡಿದರು. ನಾನು ಕೊಡ ಎತ್ತಿಕೊಂಡು ಬಂದೆ. ಸೆಪ್ಟೆಂಬರಿನಲ್ಲಿ ಅವರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ತಂಗಿಯ ಮಗಳು ಬೈಂದೂರಿಗೆ ಕರೆದುಕೊಂಡು ಹೋದಳು. ಮೂರು ತಿಂಗಳು ಸೆಪ್ಟೆಂಬರ್ ೩೦ಕ್ಕೆ ತುಂಬುತ್ತಿತ್ತು. ಅಕ್ಟೋಬರ್ ೨ರ ಪುಟದಲ್ಲಿ “ಬೈಂದೂರು, ಬೆಳಿಗ್ಗೆ ಎಂಟರ ಬಸ್ಸು” ಎಂದು ಬರೆದಿಟ್ಟೆ. ಸೆಪ್ಟೆಂಬರ್ ೨೮ಕ್ಕೆ ನರ್ಸಮ್ಮ ತೀರಿಹೋದರು.

ಆದರೂ ಬರೆದಿಟ್ಟಿದ್ದ ಆ ಎರಡನೆಯ ತಾರೀಕಿಗೇ ಬೈಂದೂರಿಗೆ ಹೋದೆ. ತಂಗಿಯ ಮಗಳಿಗೆ ಮೂರು ತಿಂಗಳು ತುಂಬಿದ್ದನ್ನು ಹೇಳಿದೆ. “ದಿನಾ ಕೇಂತಿದ್ರ್” ಎಂದಳು. “ಬೋಟಿನವನ್ ಹೆಂಡ್ತಿ ಫೋನ್ ಮಾಡಿದ್ಲಾ ಅಂದೇಳಿ.” ಜಗಲಿಯಲ್ಲಿ ಅವಳ ಮಕ್ಕಳು ಅದೇ ಮಣೆಯಲ್ಲಿ ಚೆನ್ನೆ ಆಡುತ್ತಿದ್ದರು...

ಇವತ್ತಿನ ಎಲೆ ಕಿವುಚಿದ್ದು ಮಗಳ ತಲೆಗೆ. ಅವಳಿಗೆ ಎರಡು ವರ್ಷ ಮೂರು ತಿಂಗಳು. ಕೂದಲು ಒಣಗಿ ನಿದ್ದೆ ಹೋಗಿದ್ದಾಳೆ. ಹೇಳಬಾರದ ಆ ದಿನಗಳಲ್ಲಿ ಅವರೊಬ್ಬರಿಗೆ ಹೇಳಬೇಕಿತ್ತು. ಆ ದಿನಗಳನ್ನು ಡೈರಿಯಲ್ಲಿ ಎಣಿಸಿದ್ದೇನೆ, ಆಗಸ್ಟ್ ಒಂದರಿಂದ ಸೆಪ್ಟೆಂಬರ್ ೨೮ರವರೆಗೆ ಐವತ್ತೊಂಬತ್ತು.

ನರ್ಸಮ್ಮ ತಾವು ಕಲಿಸಿದ್ದನ್ನು ಎಲ್ಲೂ ಬರೆದಿಟ್ಟಿಲ್ಲ. ನನ್ನಲ್ಲಿರುವುದು ಒಂದೇ ಮಧ್ಯಾಹ್ನದ ಟಿಪ್ಪಣಿ, ನಾಲ್ಕು ಪುಟ. ಗುಡ್ಡದ ಊರುಗಳಲ್ಲಿ ಅವರ ಮಣೆಯ ಮುಂದೆ ಕೂತು ದಿನ ಎಣಿಸಿದವರು ಇದನ್ನು ಓದುತ್ತಿದ್ದರೆ, ಅವರು ನಿಮಗೆ ಹೇಳಿ ನನಗೆ ಹೇಳದೆ ಉಳಿಸಿದ್ದು ಏನಾದರೂ ಇದ್ದರೆ, ದಯವಿಟ್ಟು ಬರೆದು ಕಳಿಸಿ. ಐದನೆಯ ಪುಟ ಖಾಲಿ ಬಿಟ್ಟಿದ್ದೇನೆ.